ಗುನ್ನುವಿನ ತುತ್ತು

ನನ್ನ ಮಗ ಸುಹಾಸನಿಗೆ ಎರಡು ವರ್ಷ ಎಂಟು ತಿಂಗಳು ತುಂಬುವ ಹೊತ್ತಿಗೆ ಮನೆಯಲ್ಲಿ ನಮಗ್ಯಾರಿಗೂ ಬೆಲೆ ಉಳಿದಿರಲಿಲ್ಲ. ಬೆಳಿಗ್ಗೆ ಕಣ್ಣು ಬಿಟ್ಟರೆ ಗುನ್ನು, ಹಲ್ಲುಜ್ಜುವಾಗ ಗುನ್ನು, ಸಾಕ್ಸ್ ಹಾಕಿಸಿಕೊಳ್ಳುವಾಗ ಗುನ್ನು. ಭಾನುವಾರ ಬಂತೆಂದರೆ ಬೂಟು ಹಿಡಿದುಕೊಂಡು, ಮುಖ ಊದಿಸಿಕೊಂಡು ಬಾಗಿಲ ಬಳಿ ಕೂರುತ್ತಿದ್ದ. ಡೇಕೇರಿಗೆ ಇವತ್ತು ರಜೆ ಎಂದು ಅವನಿಗೆ ತಿಳಿಸಿ ಹೇಳುವ ತಾಕತ್ತು ನಮ್ಮಲ್ಲಿ ಯಾರಿಗೂ ಇರಲಿಲ್ಲ. ಇವನಿಗೆ ಹೆಣ್ಣು ಹುಡುಕುವ ಕೆಲಸ ತಪ್ಪಿತು ಎಂದು ನನ್ನ ಗಂಡ ಹಿತೇಶ್ ತಮಾಷೆ ಮಾಡುತ್ತಿದ್ದ, ನಾನೂ ನಗುತ್ತಿದ್ದೆ.

ಗುನ್ನು ಎಂದರೆ ಗುನ್‌ಗುನ್ ತ್ಯಾಗಿ. ಘಾಜಿಯಾಬಾದಿನ ನಮ್ಮ ಸೊಸೈಟಿಯಲ್ಲೇ, ಎದುರಿನ ಟವರಿನ ಏಳನೆಯ ಮಹಡಿಯ ಹುಡುಗಿ. ಸುಹಾಸನಿಗಿಂತ ಮೂರು ತಿಂಗಳು ದೊಡ್ಡವಳು, ನಾಲ್ಕು ಬೆರಳು ಎತ್ತರ. ಸೊಸೈಟಿಯ ನೆಲಮಹಡಿಯ ಡೇಕೇರಿನಲ್ಲಿ ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ ಇಬ್ಬರೂ ಒಟ್ಟಿಗೆ. ಅವನ ಜಾಕೆಟ್ಟಿನ ಜಿಪ್ ಎಳೆಯುವುದು ಅವಳ ಕೆಲಸ, ಅವಳ ಬೂಟುಗಳನ್ನು ತನ್ನ ಬೂಟುಗಳ ಪಕ್ಕ ಜೋಡಿಸಿಡುವುದು ಇವನ ಕೆಲಸ. ಮಧ್ಯಾಹ್ನ ಮಲಗುವಾಗ ಅವಳಿಗೆ ಇವನ ಕಿವಿ ಬೇಕು. ಕಿವಿಯ ಹಾಲೆ ಹಿಡಿದುಕೊಂಡರೇ ನಿದ್ದೆ. ಸಂಜೆ ಮನೆಗೆ ಬಂದಾಗ ಇವನ ಎಡಗಿವಿ ಕೆಂಪಗಿರುತ್ತಿತ್ತು. ನಾನು ಮುಟ್ಟಲು ಹೋದರೆ 'ಗುನ್ನುದು' ಎಂದು ಕೈ ಅಡ್ಡ ಹಿಡಿಯುತ್ತಿದ್ದ.

ಮನೆಯಲ್ಲಿ ಅವನೊಂದಿಗೆ ಕನ್ನಡ ಮಾತ್ರ ಎಂದು ಹಟ ಹಿಡಿದವಳು ನಾನು. ಪುತ್ತೂರಿನಲ್ಲಿ ಬೆಳೆದವಳು. ಮದುವೆಯಾಗಿ ಇಲ್ಲಿಗೆ ಬಂದ ಮೇಲೆ, ನಮ್ಮವರ ಮಕ್ಕಳು ಊರಿನ ಅಜ್ಜಿಗೆ ಫೋನಿನಲ್ಲಿ ಹಿಂದಿ ಮಾತಾಡಿ, ಆ ಕಡೆಯಿಂದ ಅಜ್ಜಿ 'ಎಂತ? ಎಂತ?' ಎಂದು ಕೇಳುವುದನ್ನು ನೋಡಿ ನನಗೆ ಮೈ ಉರಿದಿತ್ತು. ಹಿಂದಿ ಹೇಗೂ ಬೀದಿಯಲ್ಲಿ ತಾನಾಗಿ ಬರುತ್ತದೆ, ಕನ್ನಡವನ್ನು ಇಲ್ಲಿ ಯಾರು ಕೊಡುತ್ತಾರೆ ಎಂಬುದು ನನ್ನ ವಾದ. ಹಾಗಾಗಿ ಡೇಕೇರಿಗೆ ಸೇರಿಸಿದ ದಿನ, ಅವನು ಆಡುವ ಇಪ್ಪತ್ತು ಪದಗಳನ್ನು ಹಿಂದಿ ಅಕ್ಷರದಲ್ಲಿ ಬರೆದು, ಎದುರಿಗೆ ಅರ್ಥ ಬರೆದು ಕೊಟ್ಟಿದ್ದೆ. ನೀರು, ಹಾಲು, ಸಾಕು, ಚಳಿ, ಹೀಗೆ. ಆಮೇಲೆ ಆ ಹಾಳೆಯನ್ನು ನಾನೇ ಮರೆತೆ. ದಿನ ಕಳೆದಂತೆ ಅವನಿಗೆ ಹಿಂದಿ ಅರ್ಥವಾಗತೊಡಗಿತು, ಉತ್ತರ ಮಾತ್ರ ಕನ್ನಡದಲ್ಲೇ. ಗುನ್‌ಗುನ್ ಹಿಂದಿಯಲ್ಲಿ ಹರಟುತ್ತಿದ್ದಳು, ಇವನು ಕನ್ನಡದಲ್ಲಿ. ಇಬ್ಬರಿಗೂ ಅದರಿಂದ ಏನೂ ತೊಂದರೆ ಆದಂತೆ ಕಾಣಲಿಲ್ಲ.

ತೊಂದರೆ ಇದ್ದದ್ದು ತಿನ್ನುವುದರಲ್ಲಿ. ನಮ್ಮದು ಹೋಟೆಲಿನವರ ಮನೆ. ಮಾವ ಐತಪ್ಪನವರು ಮೂವತ್ತು ವರ್ಷದ ಹಿಂದೆ ಇಲ್ಲಿ ಶುರು ಮಾಡಿದ ಇಡ್ಲಿ ದೋಸೆಯ ಹೋಟೆಲು. ಈಗ ಗಲ್ಲಾದಲ್ಲಿ ಹಿತೇಶ್ ಕೂರುತ್ತಾನೆ, ಆದರೆ ಬೆಳಿಗ್ಗೆ ಐದಕ್ಕೆ ಹೋಗಿ ಚಟ್ನಿ ಸಾಂಬಾರಿನ ಮೇಲೆ ಕಣ್ಣಿಡುವುದು ಇಂದಿಗೂ ಮಾವನೇ. ಏಳೂವರೆಗೆ ಸ್ಟೀಲಿನ ಕ್ಯಾರಿಯರಿನಲ್ಲಿ ಬಿಸಿ ಇಡ್ಲಿ, ಚಟ್ನಿ ತೆಗೆದುಕೊಂಡು ಮನೆಗೆ ಬರುತ್ತಾರೆ. ಊರಿಗೆಲ್ಲ ತಿನ್ನಿಸುವ ಮನೆಯ ಕೂಸು ತಾನು ಮಾತ್ರ ಬಾಯಿ ಬಿಗಿಹಿಡಿದು ಕೂರುತ್ತಿತ್ತು. ನನಗೋ ನೋಯ್ಡಾದ ಆಫೀಸಿಗೆ ಹೊರಡುವ ಆತುರ. ಕೊನೆಗೆ ನನ್ನ ಅಮ್ಮ ನನಗೆ ಮಾಡಿದ್ದನ್ನೇ ನಾನೂ ಮಾಡಿದೆ. ತಟ್ಟೆಯ ಅಂಚಿಗೆ ಪುಟ್ಟ ಪುಟ್ಟ ತುತ್ತುಗಳನ್ನಿಟ್ಟು ಒಂದೊಂದಕ್ಕೂ ಒಬ್ಬೊಬ್ಬರ ಹೆಸರಿಟ್ಟೆ. ಇದು ಅಜ್ಜನ ತುತ್ತು, ಇದು ಅಪ್ಪನ ತುತ್ತು, ಇದು ಕಾಗೆಯ ತುತ್ತು. ನಾಲ್ಕು ದಿನ ನಡೆಯಿತು. ಐದನೆಯ ದಿನ ಅಪ್ಪನೂ ಸಾಲಲಿಲ್ಲ, ಕಾಗೆಯೂ ಸಾಲಲಿಲ್ಲ.

'ಇದು ಗುನ್ನುವಿನ ತುತ್ತು' ಎಂದೆ.

ಅವನ ಕಣ್ಣು ಅರಳಿತು. ಉಳಿದ ತುತ್ತುಗಳನ್ನೆಲ್ಲ ಗಬಗಬ ತಿಂದು ಮುಗಿಸಿದ. ಗುನ್ನುವಿನದನ್ನು ಮಾತ್ರ ಮುಟ್ಟಲಿಲ್ಲ, ತಿನ್ನು ಎಂದರೆ ತಲೆಯಾಡಿಸಿದ. ಏಳು ತುತ್ತು ಹೊಟ್ಟೆಗೆ ಹೋಯಿತಲ್ಲ, ಅಷ್ಟು ಸಾಕು ಎಂದು ಎಂಟನೆಯದನ್ನು ಅವನ ಕಣ್ಣು ತಪ್ಪಿಸಿ ನಾನೇ ಬಾಯಿಗೆ ಹಾಕಿಕೊಂಡೆ. ಡಿಸೆಂಬರ್ ಇಡೀ ಹೀಗೇ ಹೋಯಿತು. ದೊಡ್ಡವರು ತುತ್ತಿಗೆ ಹೆಸರಿಡುವುದು ಆಟಕ್ಕೆ. ಅವನಿಗೆ ಅದು ಆಟವಾಗಿರಲಿಲ್ಲ ಎಂಬುದು ನನ್ನ ತಲೆಗೆ ಹೋಗಲಿಲ್ಲ.

ಡೇಕೇರಿನಲ್ಲಿ ಒಂದು ಕಟ್ಟುನಿಟ್ಟಿತ್ತು. ಮನೆಯಿಂದ ಯಾವ ತಿಂಡಿಯೂ ಒಳಗೆ ಬರಕೂಡದು. ಅದಕ್ಕೆ ಕಾರಣ ಗುನ್‌ಗುನ್. ನೆಲಕಡಲೆ ಅವಳ ಮೈಗೆ ಆಗುವುದಿಲ್ಲ; ಒಂದು ಚೂರು ಬಾಯಿಗೆ ಹೋದರೂ ಮುಖ ಊದಿ ಉಸಿರು ಕಟ್ಟುತ್ತದೆ ಎಂದು ಅವಳ ತಾಯಿ ನಮ್ಮೆಲ್ಲರ ಎದುರು ಕೈ ಮುಗಿದು ಹೇಳಿದ್ದಳು. ಬಾಗಿಲಿಗೆ ಅವಳ ಫೋಟೋ ಸಮೇತ ಕೆಂಪು ಕಾಗದ ಅಂಟಿಸಿದ್ದರು. ನಾವೆಲ್ಲ ಸಹಿ ಹಾಕಿದ್ದೆವು. ನಾನಂತೂ ಧೈರ್ಯವಾಗಿ ಹಾಕಿದ್ದೆ, ನಮ್ಮ ಮನೆಯಲ್ಲಿ ನೆಲಕಡಲೆಯ ಸುದ್ದಿಯೇ ಇಲ್ಲವಲ್ಲ ಎಂದು. ಇಡ್ಲಿಗೆ ಚಟ್ನಿ ಎಂದರೆ ತೆಂಗಿನಕಾಯಿ, ಹಸಿಮೆಣಸು, ಶುಂಠಿ, ಹೆಚ್ಚೆಂದರೆ ಒಂದು ಮುಷ್ಟಿ ಹುರಿಗಡಲೆ. ಪುತ್ತೂರಿನವಳಿಗೆ ಅದರಲ್ಲಿ ಸಂಶಯ ಬರುವ ಪ್ರಶ್ನೆಯೇ ಇರಲಿಲ್ಲ.

ಜನವರಿಯಲ್ಲಿ, ಲೋಹ್ಡಿ ಹಬ್ಬದ ಮರುದಿನ. ಹೊರಗೆ ಎದುರಿನ ಟವರು ಕಾಣದಷ್ಟು ಮಂಜು. ಕ್ಯಾಬ್ ಡ್ರೈವರ್ ಗೇಟಿನಿಂದ ಮೂರನೆಯ ಸಲ ಫೋನ್ ಮಾಡುತ್ತಿದ್ದ. ಸುಹಾಸ ತಟ್ಟೆ ಬಿಟ್ಟು ಏಳುತ್ತಿಲ್ಲ. ಗುನ್ನುವಿನ ತುತ್ತನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದಾನೆ, ಕಸಿಯಲು ಹೋದರೆ ಕಿರುಚುತ್ತಾನೆ. ನನಗೆ ಸಿಟ್ಟು ನೆತ್ತಿಗೇರಿತು.

'ಆಯ್ತು ಮಾರಾಯ, ಗುನ್ನುಗೇ ಕೊಡು. ಈಗ ನಡಿ' ಎಂದೆ.

ಅಷ್ಟು ಹೇಳಿದ್ದೇ ತಡ, ಎದ್ದು ಬಂದ. ದಾರಿಯಲ್ಲಿ ಎಲ್ಲಾದರೂ ಬೀಳಿಸುತ್ತಾನೆ ಎಂದುಕೊಂಡೆ. ಡೇಕೇರಿನ ಬಾಗಿಲಲ್ಲಿ ಅವನ ಕೈ ಖಾಲಿಯಿತ್ತು. ಬಿತ್ತು, ಪೀಡೆ ತೊಲಗಿತು ಎಂದು ಅವನನ್ನು ಅಲ್ಲಿನ ಆಯಾ ಕುಸುಮ್‌ಲತಾಳ ಕೈಗೆ ಕೊಟ್ಟು ಕ್ಯಾಬಿನ ಕಡೆ ಓಡಿದೆ.

ಹತ್ತೂವರೆಗೆ ಪೋಷಕರ ವಾಟ್ಸಪ್ ಗುಂಪಿನಲ್ಲಿ ಸುದ್ದಿ ಬಂತು. ಗುನ್‌ಗುನ್‌ಳ ತುಟಿ ಊದಿ, ಮೈಮೇಲೆಲ್ಲ ದದ್ದು ಎದ್ದು, ಉಸಿರಾಟಕ್ಕೆ ಕಷ್ಟವಾಗಿದೆ. ಕುಸುಮ್ ದೀದಿ ಯಾವ ಗಾಡಿಗೂ ಕಾಯದೆ ಮಗುವನ್ನು ಎದೆಗೆ ಅವಚಿಕೊಂಡು, ಚಪ್ಪಲಿಯನ್ನೂ ಹಾಕಿಕೊಳ್ಳದೆ, ರಸ್ತೆಯಾಚೆಯ ಆಸ್ಪತ್ರೆಗೆ ಓಡಿದ್ದಾಳೆ. ಇನ್ನು ಹತ್ತು ನಿಮಿಷ ತಡವಾಗಿದ್ದರೆ ಏನೂ ಹೇಳುವ ಹಾಗಿರಲಿಲ್ಲ ಎಂದು ಡಾಕ್ಟರು ಹೇಳಿದರಂತೆ. ನಾನು ಆಫೀಸಿನ ಕುರ್ಚಿಯಲ್ಲಿ ಕೂತು ಅದನ್ನು ಓದಿದೆ. ಅಯ್ಯೋ ಪಾಪ ಅನ್ನಿಸಿತು, ಕಣ್ಣು ತುಂಬಿತು. ಆ ತುತ್ತು ಆಗಲೂ ನೆನಪಾಗಲಿಲ್ಲ.

ಸಂಜೆ ಸುಹಾಸನನ್ನು ಮನೆಗೆ ಕರೆತಂದು ಜಾಕೆಟ್ ಬಿಚ್ಚಿದೆ. ಜೇಬಿನ ಒಳಗೆ ಇಡ್ಲಿಯ ಪುಡಿ ಅಂಟಿಕೊಂಡಿತ್ತು, ಅದರ ಸುತ್ತ ಚಟ್ನಿ ಒಣಗಿ ಗಟ್ಟಿಯಾಗಿತ್ತು. ತುತ್ತು ಇರಲಿಲ್ಲ.

ಹಿತೇಶನಿಗೆ ಫೋನ್ ಮಾಡಿ, ಹೋಟೆಲಿನ ಚಟ್ನಿಗೆ ಏನೇನು ಹಾಕುತ್ತೀರಿ ಎಂದು ಕೇಳಿದೆ. ಕಾಯಿ, ಹುರಿಗಡಲೆ ಎಂದ. ಮತ್ತೆ? ಚಳಿಗಾಲದಲ್ಲಿ ಅರ್ಧಕ್ಕರ್ಧ ನೆಲಕಡಲೆ ಹಾಕುತ್ತೇವೆ, ಬರೀ ಕಾಯಿ ಹಾಕಿದರೆ ಇಲ್ಲಿನ ಚಳಿಗೆ ಎಣ್ಣೆ ಹೆಪ್ಪುಗಟ್ಟಿ ಚಟ್ನಿ ಗಡ್ಡೆಗಡ್ಡೆಯಾಗುತ್ತದೆ, ಅಪ್ಪ ಮೊದಲಿನಿಂದಲೂ ಹಾಗೇ ಮಾಡಿಸುವುದು ಎಂದ. ಐದು ವರ್ಷದಿಂದ ನಾನು ಅದೇ ಚಟ್ನಿ ತಿನ್ನುತ್ತಿದ್ದೇನೆ. ನಮ್ಮೂರಿನ ರುಚಿ ಎಂದು ಚಪ್ಪರಿಸಿ ತಿಂದಿದ್ದೇನೆ. ನನ್ನ ನಾಲಿಗೆಯ ಮೇಲೆ ನನಗೇ ಅಸಹ್ಯವಾಯಿತು.

ಹಿತೇಶ್ ಬೇಗ ಮನೆಗೆ ಬಂದ. ಮಾವನೂ ಸೇರಿ ಮೂವರೂ ಅಡುಗೆಮನೆಯಲ್ಲಿ ಕೂತೆವು. ಮಗು ಉಳಿದಿದೆ, ನಾಳಿದ್ದು ಮನೆಗೆ ಬರುತ್ತದೆ, ಈಗ ಬಾಯಿ ಬಿಟ್ಟರೆ ಹೋಟೆಲಿನ ಬಾಗಿಲು ಹಾಕಬೇಕಾಗುತ್ತದೆ ಎಂದು ಅವನು ಹೇಳಿದ. ಹಿತೇಶನ ಮಾತಿಗೆ ನಾನು ಒಪ್ಪಿದೆ ಎಂದು ಈಗ ಅವನ ಮೇಲೆ ಹಾಕುವುದಿಲ್ಲ. ನನಗೆ ಹೋಟೆಲಿನ ಚಿಂತೆ ಇರಲಿಲ್ಲ. 'ಗುನ್ನುಗೇ ಕೊಡು' ಎಂದು ಹೇಳಿದ ಬಾಯಿ ನನ್ನದು, ಅದು ನಾಲ್ಕು ಜನರಿಗೆ ಗೊತ್ತಾಗುವುದು ನನಗೆ ಬೇಡವಾಗಿತ್ತು. ಮರುದಿನ ಬೆಳಿಗ್ಗೆ ಮಾವ ತಂದ ಕ್ಯಾರಿಯರಿನಲ್ಲಿ ಬರೀ ಕಾಯಿಯ ಚಟ್ನಿ ಇತ್ತು. ಅಲ್ಲಲ್ಲಿ ಬಿಳಿಯ ಗಡ್ಡೆ ಕಟ್ಟಿತ್ತು.

ಮೂರನೆಯ ದಿನ ಡೇಕೇರಿನಲ್ಲಿ ಸಭೆ ಕರೆದರು. ಡೇಕೇರ್ ನಡೆಸುವ ಮಿಸೆಸ್ ಭಟ್ನಾಗರ್, ಗುನ್‌ಗುನ್‌ಳ ಅಪ್ಪ ತ್ಯಾಗಿ, ನಾವು ಆರೇಳು ಪೋಷಕರು. ಕುಸುಮ್ ಬಾಗಿಲ ಬಳಿ ನಿಂತಿದ್ದಳು. ನಲವತ್ತರ ಆಸುಪಾಸಿನ, ಮಾತು ಕಡಿಮೆಯ ಹೆಂಗಸು. ಆ ದಿನ ಅವಳ ಚೀಲದಲ್ಲಿ ಲೋಹ್ಡಿಯ ನೆಲಕಡಲೆ ಮಿಠಾಯಿ, ಗಜಕ್, ಸಿಕ್ಕಿತ್ತು, ಮನೆಯ ಮಕ್ಕಳಿಗೆಂದು ಕೊಂಡದ್ದು. ಕ್ಯಾಮೆರಾದಲ್ಲಿ ನೋಡಿದರೆ, ಜಾಕೆಟ್ ನೇತುಹಾಕುವ ಮೂಲೆಗೆ ಅವಳು ಗುನ್‌ಗುನ್ ಮತ್ತು ಸುಹಾಸನನ್ನು ಕರೆದುಕೊಂಡು ಹೋದದ್ದು ಕಾಣುತ್ತದೆ. ಆ ಮೂಲೆ ಕ್ಯಾಮೆರಾಕ್ಕೆ ಕಾಣುವುದಿಲ್ಲ. ಅಲ್ಲಿಂದ ಬಂದ ಐದೇ ನಿಮಿಷಕ್ಕೆ ಮಗುವಿಗೆ ಹೀಗಾಯಿತು. ಗಜಕ್ ಕಟ್ಟು ಬಿಚ್ಚಿಯೇ ಇರಲಿಲ್ಲ ಎಂದು ಕುಸುಮ್ ಎರಡು ಸಲ ಹೇಳಿದಳು. ಇನ್ನೊಂದು ಕಟ್ಟು ಇದ್ದಿರಬಹುದಲ್ಲ ಎಂದು ಯಾರೋ ಕೇಳಿದರು.

ತ್ಯಾಗಿ ಸುಹಾಸನ ಕಡೆ ನೋಡಿದರು. ಇವನು ಸದಾ ಅವಳ ಜೊತೆಗೇ ಇರುತ್ತಾನಲ್ಲ, ಇವನನ್ನು ಕೇಳಿ ಎಂದರು. ನನ್ನ ತೊಡೆಯ ಮೇಲೆ ಕೂತಿದ್ದ ಸುಹಾಸನ ಎದುರು ಮಿಸೆಸ್ ಭಟ್ನಾಗರ್ ಮೊಣಕಾಲೂರಿ ಕೂತು, ಗುನ್‌ಗುನ್ ಏನು ತಿಂದಳು ಬೇಟಾ ಎಂದು ಹಿಂದಿಯಲ್ಲಿ ಕೇಳಿದರು.

ಸುಹಾಸ ಖುಷಿಯಾಗಿ, ಗಟ್ಟಿಯಾಗಿ ಹೇಳಿದ. 'ಗುನ್ನು ತುತ್ತು. ಗುನ್ನು ತುತ್ತು ಗುನ್ನು ತಿಂದ್ಲು. ನಾನ್ ಕೊಟ್ಟೆ.'

ಎಲ್ಲರೂ ನನ್ನ ಮುಖ ನೋಡಿದರು. ಏನು ಹೇಳುತ್ತಿದ್ದಾನೆ ಎಂದು ಮಿಸೆಸ್ ಭಟ್ನಾಗರ್ ಕೇಳಿದರು. ಆ ಕೋಣೆಯಲ್ಲಿ ಕನ್ನಡ ಬಲ್ಲವಳು ನಾನೊಬ್ಬಳೇ. ಮಗನ ಎದೆ ನನ್ನ ಅಂಗೈ ಕೆಳಗೆ ಬಡಿದುಕೊಳ್ಳುತ್ತಿತ್ತು.

'ಗುನ್‌ಗುನ್ ನೆನಪಾಗ್ತಾಳಂತೆ. ಯಾವಾಗ ಬರ್ತಾಳೆ ಅಂತ ಕೇಳ್ತಿದ್ದಾನೆ' ಎಂದು ಹಿಂದಿಯಲ್ಲಿ ಹೇಳಿದೆ.

ಎಲ್ಲರ ಮುಖ ಸಡಿಲವಾಯಿತು. ಯಾರೋ 'ಕಿತ್ನಾ ಪ್ಯಾರಾ', ಎಷ್ಟು ಮುದ್ದು, ಎಂದರು. ತ್ಯಾಗಿ ಎದ್ದು ಬಂದು ಸುಹಾಸನ ತಲೆ ಸವರಿದರು, ಅವರ ಕಣ್ಣು ಒದ್ದೆಯಾಗಿತ್ತು. ಬಾಗಿಲ ಬಳಿ ಕುಸುಮ್ ತಲೆ ಎತ್ತಿ ಸುಹಾಸನನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಭಯದಿಂದ ನೋಡುತ್ತಿದ್ದಾಳೆ ಎಂದುಕೊಂಡೆ. ಅವಳು ಏನೂ ಹೇಳಲಿಲ್ಲ. ಅಂದೇ ಅವಳನ್ನು ಕೆಲಸದಿಂದ ತೆಗೆದರು. ಪೊಲೀಸರಿಗೆ ಕೊಡದೆ ಬಿಟ್ಟದ್ದೇ ದೊಡ್ಡದು ಎಂದು ಗುಂಪಿನಲ್ಲಿ ಮೆಸೇಜು ಬಂತು. ಅದಕ್ಕೆ ಎಲ್ಲರೂ ಕೈ ಮುಗಿಯುವ ಚಿತ್ರ ಹಾಕಿದರು. ನಾನೂ ಹಾಕಿದೆ.

ಹನ್ನೊಂದನೆಯ ದಿನ ಗುನ್‌ಗುನ್ ಡೇಕೇರಿಗೆ ಮರಳಿ ಬಂದಳು. ಸ್ವಲ್ಪ ಬಾಡಿದ್ದಳು. ನೆಲಕಡಲೆ ಆಗದು ಎಂಬ ಗುರುತಿಗೆ ಮಣಿಕಟ್ಟಿಗೆ ಕೆಂಪು ಪಟ್ಟಿ ಕಟ್ಟಿದ್ದರು. ಸುಹಾಸ ಅವಳನ್ನು ನೋಡಿ ಹೋಗಿ ತಬ್ಬಿಕೊಂಡ, ಅವಳು ನೇರ ಅವನ ಕಿವಿಗೆ ಕೈ ಹಾಕಿದಳು. ಬೇರೆ ತಾಯಂದಿರು ಅದರ ವಿಡಿಯೋ ತೆಗೆದರು. ನನಗೆ ಅದನ್ನು ನೋಡಿ ನಿಲ್ಲಲಾಗಲಿಲ್ಲ.

ಅಷ್ಟರಲ್ಲಿ ನಾನು ಅವನ ಎಲ್ಲ ಬಟ್ಟೆಗಳ ಜೇಬುಗಳನ್ನೂ ಸೂಜಿದಾರದಿಂದ ಹೊಲಿದು ಮುಚ್ಚಿದ್ದೆ. ತುತ್ತಿಗೆ ಹೆಸರಿಡುವುದನ್ನು ನಿಲ್ಲಿಸಿದ್ದೆ. ನಾನು ನಿಲ್ಲಿಸಿದರೇನು, ಅವನು ನಿಲ್ಲಿಸಬೇಕಲ್ಲ. ದಿನಾ ಬೆಳಿಗ್ಗೆ ಒಂದು ಚೂರು ಇಡ್ಲಿಯನ್ನು ತಟ್ಟೆಯ ಅಂಚಿಗೆ ಸರಿಸಿಟ್ಟು 'ಗುನ್ನುದು' ಎನ್ನುತ್ತಿದ್ದ. ನಾನು ಕಸಿದು ಕಸಕ್ಕೆ ಹಾಕುತ್ತಿದ್ದೆ. ಕೊಟ್ಟರೆ ಗುನ್ನುಗೆ ಜ್ವರ ಬರುತ್ತದೆ, ಗುನ್ನು ಅಳುತ್ತಾಳೆ ಎಂದು ಗದರುತ್ತಿದ್ದೆ. ಡೇಕೇರಿನ ಬಾಗಿಲಲ್ಲಿ ಬಗ್ಗಿ, 'ಕೈ ತೋರಿಸು' ಎನ್ನುತ್ತಿದ್ದೆ. ಅವನು ಎರಡೂ ಅಂಗೈ ಬಿಚ್ಚಿ ಮುಂದೆ ಹಿಡಿಯುತ್ತಿದ್ದ. ಬೆರಳ ಸಂದಿಯನ್ನೂ ಬಿಡದೆ ನೋಡಿ ಒಳಗೆ ಕಳಿಸುತ್ತಿದ್ದೆ. ಕೆಲವು ದಿನಕ್ಕೆ ಅವನು ಬೆಳಿಗ್ಗೆ ತಿನ್ನುವುದನ್ನೇ ಬಿಟ್ಟ. ಡೇಕೇರಿನಲ್ಲೂ ತಿನ್ನುವುದಿಲ್ಲ, ಏನು ಕೇಳುತ್ತಾನೋ ತಿಳಿಯುವುದಿಲ್ಲ ಎಂದು ಹೊಸ ಆಯಾ ದೂರು ಹೇಳಿದಳು. ಮಗು ಸೊರಗಿತು.

ಜನವರಿಯ ಕೊನೆಯ ಭಾನುವಾರ ಮಧ್ಯಾಹ್ನ ಗೇಟಿನಿಂದ ಇಂಟರ್‌ಕಾಮ್ ಬಂತು. ಕುಸುಮ್‌ಲತಾ ಅಂತ ಒಬ್ಬಳು ಬಂದಿದ್ದಾಳೆ, ಒಳಗೆ ಬಿಡಲೇ ಎಂದು ಗಾರ್ಡ್ ಕೇಳಿದ. ಬಯ್ಯಲು ಬಂದಿದ್ದಾಳೆ ಎಂದುಕೊಂಡೆ. ಬಯ್ಯಲಿ ಎಂದೂ ಅನ್ನಿಸಿತು. ಬಿಡು ಎಂದೆ.

ಕುಸುಮ್ ಬಾಗಿಲಾಚೆ ಕಾಲೊರೆಸಿನ ಮೇಲೆ ನಿಂತಳು, ಕರೆದರೂ ಒಳಗೆ ಬರಲಿಲ್ಲ. ಪಕ್ಕದ ಸೊಸೈಟಿಯಲ್ಲಿ ಪಾತ್ರೆ ತೊಳೆಯುವ ಕೆಲಸ ಸಿಕ್ಕಿದೆ ಎಂದಳು. ಅವಳ ಸದ್ದು ಕೇಳಿ ಸುಹಾಸ ಓಡಿ ಬಂದು ಅವಳ ಕಾಲು ಕಟ್ಟಿಕೊಂಡ. ಅವಳು ಅವನ ತಲೆಯ ಮೇಲೆ ಒಂದು ಕೈ ಇಟ್ಟು, ಇನ್ನೊಂದು ಕೈಯಿಂದ ಶಾಲಿನ ಒಳಗಿದ್ದ ಮಡಿಸಿದ ಕಾಗದ ತೆಗೆದಳು.

'ಹೊಸಬಳಿಗೆ ಇದನ್ನ ಕೊಡಿ ಮೇಡಂಜೀ' ಎಂದಳು. 'ಇಲ್ಲಾಂದ್ರೆ ಬಾಬು ಹಸ್ಕೊಂಡೇ ಕೂತಿರ್ತಾನೆ.'

ನಾನು ಬಿಚ್ಚಿ ನೋಡಿದೆ. ಹರಿಯದ ಹಾಗೆ ಸುತ್ತ ಟೇಪು ಅಂಟಿಸಿದ ಹಾಳೆ. ನನ್ನದೇ ಅಕ್ಷರ. ನೀರು, ಪಾನಿ. ಹಾಲು, ದೂಧ್. ಸಾಕು, ಬಸ್. ಹೀಗೆ ಇಪ್ಪತ್ತು ಪದ. ಅವುಗಳ ಕೆಳಗೆ ಬೇರೆ ಪೆನ್ನಿನಲ್ಲಿ, ಸೊಟ್ಟ ಅಕ್ಷರದಲ್ಲಿ ಅವಳೇ ಇನ್ನೂ ಹತ್ತು ಹದಿನೈದು ಪದ ಸೇರಿಸಿದ್ದಳು, ಅವನ ಬಾಯಿಂದ ಕೇಳಿ ಕಲಿತದ್ದು. ನನ್ನ ಪಟ್ಟಿಯ ಕೊನೆಯ ಪದದ ಮೇಲೆ ಕಣ್ಣು ನಿಂತಿತು. ತುತ್ತು, ನಿವಾಲ. ಅದನ್ನೂ ನಾನೇ ಬರೆದಿದ್ದೆ.

ಆ ದಿನ ನಿನಗೆ ಅರ್ಥವಾಗಿತ್ತಾ ಎಂದು ಕೇಳಿದೆ. ಆಗಿತ್ತು ಎಂದಳು. ಮತ್ತೆ ಯಾಕೆ ಸುಮ್ಮನಿದ್ದೆ ಎಂದೆ. ನನ್ನ ದನಿ ಅವಳನ್ನೇ ಗದರುವ ಹಾಗಿತ್ತು.

ಅವಳು ಸುಹಾಸನ ಕೂದಲಲ್ಲಿ ಕೈಯಾಡಿಸಿದಳು. 'ನಾನು ಹೇಳಿದ್ರೆ, ತನ್ನ ತಪ್ಪನ್ನ ಮಗು ಮೇಲೆ ಹಾಕ್ತಾಳೆ ಅಂತಿದ್ರು' ಎಂದಳು. 'ಮತ್ತೆ, ನೀವು ತಾಯಿ. ನೀವು ಹೇಳ್ತೀರಿ ಅಂತ ನಿಂತಿದ್ದೆ.'

ಇಷ್ಟು ಹೇಳಿ ಅವನ ಕೈಗಳನ್ನು ಮೆತ್ತಗೆ ಬಿಡಿಸಿಕೊಂಡು ಲಿಫ್ಟಿನ ಕಡೆ ಹೋದಳು. ನಾನು ಕಾಗದ ಹಿಡಿದುಕೊಂಡು ಅಲ್ಲೇ ಬಾಗಿಲಿಗೆ ಒರಗಿ ಅತ್ತೆ. ನಾಚಿಕೆಯಿಂದ ಅತ್ತದ್ದು, ಬೇರೇನಲ್ಲ. ನಾನು ನಿಜ ಹೇಳಲಿ ಎಂದು ಅವಳು ಕಾದಿದ್ದಳು. ನಾನು ಸುಳ್ಳು ಹೇಳಿದ ಮೇಲೂ ನನ್ನ ಮಗನ ಹಸಿವಿನ ಚಿಂತೆ ಮಾಡಿದ್ದಳು.

ಹಿತೇಶನಿಗೆ ಫೋನಿನಲ್ಲಿ, ತ್ಯಾಗಿಯವರ ಮನೆಗೆ ಹೋಗುತ್ತಿದ್ದೇನೆ ಎಂದು ಹೇಳಿದೆ. ಸಂಜೆಯವರೆಗೆ ತಡಿ, ಮಾತಾಡೋಣ ಎಂದ. ತಡೆದರೆ ನನ್ನ ಧೈರ್ಯ ಕೈಕೊಡುತ್ತದೆ ಎಂದು ಗೊತ್ತಿತ್ತು. ಸೋಫಾದಲ್ಲಿ ಕೂತು ಎಲ್ಲ ಕೇಳಿಸಿಕೊಂಡಿದ್ದ ಮಾವ ಎದ್ದು ಸ್ವೆಟರ್ ಹಾಕಿಕೊಂಡರು.

'ಚಟ್ನಿ ಮಾಡಿಸಿದ್ದು ನಾನು. ನಾನೂ ಬರ್ತೇನೆ' ಎಂದರು.

ಸುಹಾಸನನ್ನು ಎತ್ತಿಕೊಂಡು ಎದುರಿನ ಟವರಿಗೆ ಹೋದೆವು. ಬಾಗಿಲು ತೆರೆದವಳು ಗುನ್‌ಗುನ್‌ಳ ತಾಯಿ. ಮಗಳು ಮಲಗಿದ್ದಾಳೆ ಎಂದು ನಗುತ್ತಲೇ ಒಳಗೆ ಕರೆದು ಕೂರಿಸಿ ಚಹಾಕ್ಕೆ ಇಡಲು ಹೊರಟಳು. ಬೇಡ, ಮೊದಲು ಕೇಳಿ ಎಂದೆ. ಎಲ್ಲ ಹೇಳಿದೆ. ತುತ್ತಿಗೆ ಹೆಸರಿಡುವುದನ್ನು ಹೇಳಿದೆ, ಕ್ಯಾಬಿನ ಆತುರದಲ್ಲಿ ನಾನು ಆಡಿದ ಮಾತು ಹೇಳಿದೆ, ಜೇಬಿನಲ್ಲಿ ಕಂಡದ್ದು ಹೇಳಿದೆ. ಮಾವ ತಮ್ಮ ಮೂವತ್ತು ವರ್ಷದ ಹಿಂದಿಯಲ್ಲಿ ಚಟ್ನಿಯ ವಿಷಯ ಹೇಳಿ ಕೈ ಮುಗಿದರು. ತ್ಯಾಗಿ ಗೋಡೆಗೆ ಒರಗಿ ನಿಂತಿದ್ದರು. ಅವರ ಹೆಂಡತಿ ನನ್ನ ಎದುರು ಬಂದು ಕೂತಳು.

'ಆ ದಿನ ಸಭೆಯಲ್ಲಿ ಇವನು ಏನು ಹೇಳಿದ?' ಎಂದು ಕೇಳಿದಳು. 'ಇದ್ದದ್ದು ಇದ್ದ ಹಾಗೆ ಹೇಳಿ.'

'ಗುನ್‌ಗುನ್‌ಳ ತುತ್ತನ್ನು ಗುನ್‌ಗುನ್ ತಿಂದಳು. ನಾನು ಕೊಟ್ಟೆ' ಎಂದು ಒಂದೊಂದೇ ಪದವಾಗಿ ಹಿಂದಿಯಲ್ಲಿ ಹೇಳಿದೆ. ಎರಡು ವಾರದ ಹಿಂದೆ ಹೇಳಬೇಕಾಗಿದ್ದುದು ಅಷ್ಟೇ. ಹೇಳಲು ಉಸಿರು ಎಳೆದುಕೊಳ್ಳುವಷ್ಟೂ ಹೊತ್ತು ಹಿಡಿಯಲಿಲ್ಲ.

ಮಗುವಿನ ಮೇಲೆ ನನಗೆ ಸಿಟ್ಟಿಲ್ಲ, ಚಟ್ನಿಯ ಮೇಲೂ ಇಲ್ಲ ಎಂದು ಅವಳು ಹೇಳಿದಳು. ನನ್ನ ಮಗಳನ್ನು ಬರಿಗಾಲಲ್ಲಿ ಹೊತ್ತು ಓಡಿದ ಹೆಂಗಸಿಗೆ ನಾನು ದಿನಾ ದೇವರ ಮುಂದೆ ಶಾಪ ಹಾಕಿದೆ, ನೀವು ಅದನ್ನು ಹಾಕಿಸಿದಿರಿ ಎಂದಳು. ಎದ್ದು ಬಾಗಿಲು ತೆರೆದು ಹಿಡಿದಳು. ಇನ್ನು ನನ್ನ ಮಗಳ ಹತ್ತಿರ ನೀವು ಯಾರೂ ಬರಬೇಡಿ ಎಂದಳು. ಅವಳು ದನಿ ಎತ್ತರಿಸಲಿಲ್ಲ. ಎತ್ತರಿಸಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಅಂದೇ ಸಂಜೆ ಪೋಷಕರ ಗುಂಪಿನಲ್ಲೂ ನಾನೇ ಎಲ್ಲ ಬರೆದೆ. ಬಂದ ಉತ್ತರಗಳನ್ನು ಇಲ್ಲಿ ಬರೆಯುವುದಿಲ್ಲ, ಅವು ನನಗೆ ಸಲ್ಲಬೇಕಾದವೇ. ಮಾವ ಹೋಟೆಲಿನ ಗೋಡೆಗೆ, ಇಲ್ಲಿನ ಚಟ್ನಿಯಲ್ಲಿ ನೆಲಕಡಲೆ ಇದೆ ಎಂದು ದೊಡ್ಡ ಅಕ್ಷರದ ಬೋರ್ಡು ಹಾಕಿಸಿದರು. ಹಿತೇಶ್ ನನ್ನೊಂದಿಗೆ ನಾಲ್ಕು ದಿನ ಮಾತು ಬಿಟ್ಟ. ಸೋಮವಾರ ಮಿಸೆಸ್ ಭಟ್ನಾಗರ್ ತಾವೇ ಹೋಗಿ ಕುಸುಮ್‌ಳನ್ನು ಕರೆದರು, ಅವಳು ಎರಡು ದಿನ ಯೋಚಿಸಿ ಬಂದಳು. ಬಂದ ದಿನ ನಾನು ಅವಳ ಕೈಗೆ ಆ ಹಾಳೆಯನ್ನು ಮರಳಿ ಕೊಟ್ಟೆ. ತೆಗೆದುಕೊಂಡಳು, ಮುಖ ನೋಡಲಿಲ್ಲ. ಸುಹಾಸ ಅವಳ ಕೈಯಲ್ಲಿ ಮತ್ತೆ ತಿನ್ನತೊಡಗಿದ. ಗುನ್‌ಗುನ್ ಡೇಕೇರಿಗೆ ಬರುವುದು ನಿಂತಿತು, ಊರಿನಿಂದ ಅವಳ ಅಜ್ಜಿಯನ್ನು ಕರೆಸಿಕೊಂಡರಂತೆ. ಗುನ್ನು ಎಲ್ಲಿ ಎಂದು ಸುಹಾಸ ಕೇಳಿದಾಗಲೆಲ್ಲ, ಮನೆಯಲ್ಲಿದ್ದಾಳೆ ಎನ್ನುತ್ತಿದ್ದೆ. ಅದಂತೂ ಸುಳ್ಳಾಗಿರಲಿಲ್ಲ.

ಫೆಬ್ರವರಿಯಲ್ಲಿ ಒಂದು ಭಾನುವಾರ ಒಳ್ಳೆಯ ಬಿಸಿಲು ಬಂತು. ಇಡೀ ಸೊಸೈಟಿ ಚಾಪೆ, ಕಿತ್ತಳೆಹಣ್ಣು ಹಿಡಿದುಕೊಂಡು ಪಾರ್ಕಿಗೆ ಇಳಿದಿತ್ತು. ಸುಹಾಸನ ಕೈ ಹಿಡಿದು ನಡೆಯುತ್ತಿದ್ದೆ. ಜೋಕಾಲಿಯ ಬಳಿ ಅಜ್ಜಿಯ ಜೊತೆ ಗುನ್‌ಗುನ್ ನಿಂತಿದ್ದಳು. ಅವನನ್ನು ಕಂಡು ಅವಳು 'ಸುಆಸ್' ಎಂದು ಕೂಗಿದಳು. ಅವನು ನನ್ನ ಕೈ ಕೊಸರಿಕೊಂಡು ಓಡಿದ. ಹಿಡಿಯಬೇಕಿತ್ತು, ಹಿಡಿಯಲಾಗಲಿಲ್ಲ.

ಓಡಿದವನು ಅವಳಿಂದ ಎರಡು ಹೆಜ್ಜೆ ಈಚೆಗೆ ಥಟ್ಟನೆ ನಿಂತ. ಯಾರೂ ಏನೂ ಹೇಳಿರಲಿಲ್ಲ. ಎರಡೂ ಅಂಗೈ ಬಿಚ್ಚಿ ಅವಳ ಮುಂದೆ ಹಿಡಿದ, ಬೆರಳುಗಳನ್ನೂ ಅಗಲಿಸಿದ.

'ಇಲ್ಲ ಗುನ್ನು' ಎಂದ. 'ತುತ್ತು ಇಲ್ಲ.'

ಗುನ್‌ಗುನ್ ಅವನ ಕಿವಿಗೆ ಕೈ ಚಾಚಿದಳು. ಅಷ್ಟರಲ್ಲಿ ಅಜ್ಜಿ ನನ್ನನ್ನು ಗುರುತಿಸಿ ಅವಳನ್ನು ಎತ್ತಿಕೊಂಡು ಟವರಿನ ಕಡೆ ನಡೆದರು. ಅವರು ಒಳಗೆ ಹೋಗಿ ಬಾಗಿಲು ಮುಚ್ಚುವವರೆಗೂ ಸುಹಾಸ ಕೈ ಇಳಿಸಲಿಲ್ಲ.